ಒಂದೇ ಚಾಪೆಯ ಮೇಲೆ ಮಲಗಿದ್ದ ಇಬ್ಬರು

"ಇಬ್ರೂ ಒಂದೇ ಚಾಪೆ ಮೇಲೆ ಮಲಗಿದ್ರಿ. ಕಚ್ಚಿದ್ದೂ ಒಂದೇ ಮನೆ ಸೊಳ್ಳೆ. ಅವನಿಗೆ ಮಾತ್ರ ಯಾಕೆ ಬಂತು? ನೀನು ಓದಿದವಳು, ಹೇಳಮ್ಮ."

ಅಮ್ಮ ಈ ಪ್ರಶ್ನೆ ಮೊದಲು ಕೇಳಿದ್ದು ನಾನು ಬಿ.ಎಸ್ಸಿ. ಸೇರಿದ ವರ್ಷ. ಆಮೇಲೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಕೇಳಿದ್ದಾರೆ. ಅವರೆಕಾಯಿ ಸುಲಿಯುತ್ತಾ ಕೂತಾಗ ಕೇಳಿದ್ದಾರೆ. ನನ್ನ ತಮ್ಮ ಎಡಗೈ ಒಂದರಲ್ಲೇ ಹಸು ಕರೆಯುವುದನ್ನು ನೋಡುತ್ತಾ ನಿಂತಾಗ, ಬಾಯಿಬಿಟ್ಟು ಕೇಳದೆ ಬರೀ ನನ್ನ ಮುಖ ನೋಡಿದ್ದಾರೆ.

ನಮ್ಮೂರು ಕೋಲಾರ ಜಿಲ್ಲೆಯಲ್ಲಿ. ಕೆರೆ ತುಂಬಿದ ವರ್ಷ ಏರಿಯ ಕೆಳಗೆ ಭತ್ತ, ಉಳಿದ ಕಡೆಯೆಲ್ಲಾ ರಾಗಿ. ಅದು 80ರ ದಶಕದ ಆರಂಭ. ಆ ವರ್ಷ ಕೆರೆ ಚೆನ್ನಾಗಿ ತುಂಬಿತ್ತು. ದೀಪಾವಳಿ ಮುಗಿದು ಕೆಲವೇ ದಿನ ಆಗಿತ್ತು. ತಮ್ಮನಿಗೆ 7 ವರ್ಷ, ನನಗೆ 11. ಮೊದಲ ದಿನ ಬರೀ ಜ್ವರ. ಅಮ್ಮ ತುಳಸಿ, ಮೆಣಸು ಹಾಕಿ ಕಷಾಯ ಕೊಟ್ಟರು. ಎರಡನೇ ದಿನ ತಲೆನೋವು ಅಂತ ಅತ್ತ. ಮೂರನೇ ದಿನ ಅವನ ಕತ್ತು ಬಗ್ಗಲಿಲ್ಲ. ಸಾಯಂಕಾಲ ಫಿಟ್ಸ್ ಬಂತು. ಅಷ್ಟರಲ್ಲಿ ಕಡೇ ಬಸ್ಸು ಹೋಗಿಬಿಟ್ಟಿತ್ತು. ಬೆಳಗಿನ ಮೊದಲ ಬಸ್ಸಿಗೆ ಅಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಬೆಂಗಳೂರಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿ 'ಮೆದುಳು ಜ್ವರ' ಅಂದರಂತೆ. ಮೂರು ವಾರ ಆದ ಮೇಲೆ ತಮ್ಮ ವಾಪಸ್ ಬಂದ. ಬಲಗೈ ಸೋತಿತ್ತು. ಬಾಯಿಪಾಠ ಇದ್ದ ಮಗ್ಗಿಯೆಲ್ಲಾ ಮರೆತುಹೋಗಿತ್ತು.

ಊರಿನವರು ಹುಣಸೆ ಮರದ ಕೆಳಗೆ ಗಾಳಿ ಸೋಕಿತು ಅಂದರು. ಅಮ್ಮ ಯಾರ ಮಾತನ್ನೂ ಪೂರ್ತಿ ನಂಬಲಿಲ್ಲ. ಅವರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನಾನು ಜೀವಶಾಸ್ತ್ರ ಓದಿ, ಪಿಯು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಾ ಬಂದವಳು. ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಓದಿದ್ದು ಪಾಠಕ್ಕೆ ಬೇಕಾದುದಕ್ಕಿಂತ ಜಾಸ್ತಿ. ಆ ಓದಿನಲ್ಲಿ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ: ಮೆದುಳಿಗೆ ವೈರಸ್ ನುಗ್ಗಿದಾಗ ನಮ್ಮನ್ನು ಕಾಯುವುದರಲ್ಲಿ ದೊಡ್ಡ ಪಾಲು ಒಂದು ಜೀವಕೋಶ ಪಕ್ಕದ ಜೀವಕೋಶಕ್ಕೆ ಕಳಿಸುವ ಸುದ್ದಿಯದು. ಆ ಸುದ್ದಿ ಹೊರಡುವ ಹೊತ್ತು, ತಲುಪುವ ಹೊತ್ತು, ನಿಲ್ಲುವ ಹೊತ್ತು, ಇಷ್ಟರ ಮೇಲೆ ಒಂದು ಮಗುವಿನ ಬಲಗೈ ನಿಂತಿರುತ್ತದೆ.

ಜಪಾನೀಸ್ ಎನ್ಸೆಫಲೈಟಿಸ್ ಅನ್ನುವುದು ಆ ಕಾಯಿಲೆಯ ಪೂರ್ತಿ ಹೆಸರು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನ ಕಡೆ. ನಮ್ಮ ರಾಜ್ಯದಲ್ಲಿ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು ಕಡೆ ಇದು ಗೊತ್ತಿರುವ ಕಾಯಿಲೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ವೈರಸ್ ಬೆಳೆಯುವುದು ಬೆಳ್ಳಕ್ಕಿಯಂಥ ಹಕ್ಕಿಗಳಲ್ಲಿ, ಹಂದಿಗಳಲ್ಲಿ. ಮನುಷ್ಯನಿಗೆ ಅದು ದಾರಿ ತಪ್ಪಿ ಬಂದ ನೆಂಟ. ಮನುಷ್ಯನಿಂದ ಮುಂದಕ್ಕೆ ಹರಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿದರೆ ಅಮ್ಮನ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಈ ವೈರಸ್ ಸುಮಾರು 250 ಜನರಿಗೆ ಹೊಕ್ಕರೆ ಒಬ್ಬರಿಗೆ ಮಾತ್ರ ಜೋರಾದ ಕಾಯಿಲೆ ಬರುತ್ತದೆ. ಮೆದುಳಿಗೆ ಏರಿದವರಲ್ಲಿ 100ಕ್ಕೆ 30ರವರೆಗೆ ಸಾಯಬಹುದು. 30ರಿಂದ 50 ಮಂದಿಗೆ ಕೈಕಾಲಿನದೋ ಬುದ್ಧಿಯದೋ ಊನ ಉಳಿಯಬಹುದು. ಮಿಕ್ಕ 249 ಜನಕ್ಕೆ ಏನಾಗುತ್ತದೆ? ಹೆಚ್ಚಿನವರಿಗೆ ವೈರಸ್ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಆ ಕಾರ್ತಿಕದಲ್ಲಿ ನನಗೂ ಅದು ಬಂದಿರಬಹುದು. ನಾನು ಎಂದಿನಂತೆ ಸ್ಕೂಲಿಗೆ ಹೋಗಿದ್ದೆ. ನನ್ನೊಳಗೆ ಯಾವ ಬಾಗಿಲು ಮುಚ್ಚಿಕೊಂಡಿತು? ಅವನೊಳಗೆ ಯಾಕೆ ತೆರೆದೇ ಇತ್ತು?

ಬಾಗಿಲು ಮುಚ್ಚಿ ಅಂತ ಕೂಗುವ ಪದಾರ್ಥಕ್ಕೆ ಇಂಟರ್ಫೆರಾನ್ ಅಂತ ಹೆಸರು. ಅದು ಸಿಕ್ಕಿದ ಕಥೆ ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

1957, ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ. ಗ್ಲಾಸ್ಗೋದಲ್ಲಿ ಹುಟ್ಟಿದ ಅಲಿಕ್ ಐಸಾಕ್ಸ್, ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಯುವಕ ಜಾನ್ ಲಿಂಡೆನ್‌ಮನ್. ಒಂದು ವೈರಸ್ ಹೊಕ್ಕ ಜೀವಕೋಶಕ್ಕೆ ಇನ್ನೊಂದು ವೈರಸ್ ಸುಲಭವಾಗಿ ಹೊಗುವುದಿಲ್ಲ ಅನ್ನುವುದು ಆಗಲೇ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ. ಇವರು ಬಿಸಿ ಮಾಡಿ ಕೊಂದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳ ಜೊತೆ ದ್ರವದಲ್ಲಿ ಇಟ್ಟರು. ಪೊರೆಯನ್ನು ತೊಳೆದು ಹೊಸ ದ್ರವದಲ್ಲಿ ಬಿಟ್ಟರು. ಆಮೇಲೆ ಪೊರೆಯನ್ನು ತೆಗೆದುಹಾಕಿ, ಬರೀ ಆ ದ್ರವವನ್ನು ಹೊಸ ಪೊರೆಗೆ ಹಾಕಿದರು. ಹೊಸ ಪೊರೆಗೆ ಜೀವಂತ ವೈರಸ್ ಬಿಟ್ಟರೆ ಅದು ಬೆಳೆಯಲೇ ಇಲ್ಲ! ಹೊಸ ಪೊರೆ ಹಿಂದೆಂದೂ ವೈರಸ್ ನೋಡಿದ್ದಲ್ಲ. ಅದಕ್ಕೆ ಸುದ್ದಿ ಮಾತ್ರ ತಲುಪಿತ್ತು, ದ್ರವದ ಮೂಲಕ. ಅಡ್ಡಬರುವುದು ಅನ್ನುವ ಅರ್ಥದ ಇಂಗ್ಲಿಷ್ ಪದದಿಂದ ಅದಕ್ಕೆ ಹೆಸರಿಟ್ಟರು. 1954ರಲ್ಲೇ ಟೋಕಿಯೋದ ನಾಗಾನೊ ಮತ್ತು ಕೊಜಿಮಾ ಮೊಲಗಳಲ್ಲಿ ಇಂಥದ್ದೇ ಒಂದು ಪದಾರ್ಥವನ್ನು ಕಂಡಿದ್ದರು. ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ.

ಐಸಾಕ್ಸ್ ಅವರನ್ನು ಎಷ್ಟೋ ಜನ ನಂಬಲಿಲ್ಲ. ಅಂಥದ್ದೊಂದು ಪದಾರ್ಥವೇ ಇಲ್ಲ ಅಂದರು. ಅವರು 1967ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡರು. ಶುದ್ಧವಾದ ಇಂಟರ್ಫೆರಾನ್ ನೋಡುವುದು ಅವರಿಗೆ ಸಿಗಲಿಲ್ಲ. ಅದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಮಂಗನ ಕಾಯಿಲೆಗೆ ಆ ಊರಿನ ಹೆಸರು ಬಂತು. ಆ ವೈರಸ್ ತಮ್ಮನಿಗೆ ಬಂದ ವೈರಸ್ಸಿನ ಕುಟುಂಬದ್ದೇ. ಕೆಲವರಲ್ಲಿ ಜ್ವರ ಬಿಟ್ಟು ಮತ್ತೆ ಬಂದಾಗ ಅದೂ ಮೆದುಳನ್ನು ಮುಟ್ಟುತ್ತದೆ. ಒಂದೇ ವರ್ಷ, ಒಂದು ಕಡೆ ಬೀಗ, ಇನ್ನೊಂದು ಕಡೆ ಕಳ್ಳ. ಈ ಎರಡನ್ನೂ ಒಟ್ಟಿಗೆ ನೆನೆಯದೆ ನಾನು ಆ ಪಾಠ ಮಾಡಿದ್ದಿಲ್ಲ.

ಈಗ ನಮಗೆ ಗೊತ್ತಿರುವುದು ಇಷ್ಟು. ವೈರಸ್ ಒಳಹೊಕ್ಕ ಜೀವಕೋಶ, ವೈರಸ್ಸಿನ ಅನುವಂಶಿಕ ಸಂದೇಶ ಹೊತ್ತ ಆರ್‌ಎನ್‌ಎಯನ್ನು ಗುರುತು ಹಿಡಿಯುತ್ತದೆ. ಕೂಡಲೇ ಇಂಟರ್ಫೆರಾನ್ ಹೊರಗೆ ಬಿಡುತ್ತದೆ. ತಾನು ಉಳಿಯಲಿ ಬಿಡಲಿ, ನೆರೆಯವರಿಗೆ ಸುದ್ದಿ ಮುಟ್ಟುತ್ತದೆ. ಆ ಸುದ್ದಿ ಕಿವಿಗೆ ಬಿದ್ದ ಕೋಶದಲ್ಲಿ ನೂರಾರು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಕೆಲವು ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುತ್ತವೆ. ಕೆಲವು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ, ವೈರಸ್ಸಿಗೆ ಒಲೆ ಸಿಗದ ಹಾಗೆ ಮಾಡುತ್ತವೆ. ಇಂಥ ಸುದ್ದಿಗಾರ ಅಣುಗಳಿಗೆಲ್ಲಾ ಒಟ್ಟಾಗಿ ಸೈಟೊಕೈನ್ ಅಂತಾರೆ. ಇಂಟರ್ಫೆರಾನ್ ಅದರಲ್ಲಿ ಒಂದು ಮನೆತನ.

ನಮ್ಮೂರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದರು. ಮಳೆಗಾಲದ ರಾತ್ರಿ ಏರಿ ಮೇಲೆ ಓಡಾಡುವುದೇ ಅವರ ಕೆಲಸ. ಎಲ್ಲಾದರೂ ನೀರು ಜಿನುಗಿದರೆ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಜನ ಮಣ್ಣು, ಸೊಪ್ಪು, ಗೋಣಿಚೀಲ ಹೊತ್ತು ಓಡುತ್ತಿದ್ದರು. ಏರಿ ಒಡೆಯುವ ಮೊದಲು ಕೂಗಿದರೆ ಊರು ಉಳಿಯುತ್ತದೆ. ಒಡೆದ ಮೇಲೆ ಎಷ್ಟು ಕೂಗಿದರೂ ಗದ್ದೆಗೆ ಉಪಯೋಗವಿಲ್ಲ. ಇಂಟರ್ಫೆರಾನ್ ಬಗ್ಗೆ ಓದಿದಾಗಲೆಲ್ಲಾ ನನಗೆ ಅವರ ಕೂಗು ನೆನಪಾಗುತ್ತದೆ.

ಹಾಗಾದರೆ ಮೆದುಳಿನದು ಏನು ವಿಶೇಷ? ಗಂಟಲಲ್ಲೋ ಕರುಳಲ್ಲೋ ವೈರಸ್ ಹೊಕ್ಕರೆ ದೇಹ ಆ ಕೋಶಗಳನ್ನೇ ಕೊಂದು ಹಾಕುತ್ತದೆ. ಚರ್ಮ ಸುಲಿದರೆ ಹೊಸ ಚರ್ಮ ಬರುತ್ತದೆ. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬದಲಿ ಇಲ್ಲ. ಹುಟ್ಟಿನಿಂದ ಸಾಯುವವರೆಗೆ ಅದೇ ಕೋಶ. ಕೈ ಎತ್ತುವ ಕೋಶ ಹೋದರೆ ಆ ಕೈಯ ಬಲ ಹೋಯಿತು. 'ಏಳೆಂಟ್ಲಾ ಐವತ್ತಾರು' ಹಿಡಿದಿಟ್ಟುಕೊಂಡ ಕೋಶಗಳ ಜಾಲ ಹರಿದರೆ ಅದೂ ಹೋಯಿತು. ಅದಕ್ಕೇ ಮೆದುಳಿನಲ್ಲಿ ಕೊಂದು ಗೆಲ್ಲುವ ದಾರಿ ಬಹಳ ದುಬಾರಿ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಿಗೆ, ಅಂದರೆ ಟಿ ಕೋಶಗಳಿಗೆ, ನರಕೋಶಗಳು ತಮ್ಮ ಗುರುತನ್ನು ಸುಲಭವಾಗಿ ತೋರಿಸುವುದೂ ಇಲ್ಲ. ಕೊಲ್ಲದೆ ವೈರಸ್ಸನ್ನು ಓಡಿಸಬೇಕು. ಸಾಧ್ಯವಾ?

ಸಾಧ್ಯ ಅಂತ ತೋರಿಸಿದವರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಯೇನ್ ಗ್ರಿಫಿನ್ ಪ್ರಮುಖರು. ಅವರು ಆರಿಸಿಕೊಂಡದ್ದು ಸಿಂಡ್‌ಬಿಸ್ ಅನ್ನುವ ವೈರಸ್. 1952ರಲ್ಲಿ ಈಜಿಪ್ಟಿನ ನೈಲ್ ನದಿಯ ಕಡೆ ಸೊಳ್ಳೆಗಳಲ್ಲಿ ಸಿಕ್ಕಿದ್ದು. ಇಲಿಯ ಮೆದುಳಿಗೆ ಇದನ್ನು ಬಿಟ್ಟರೆ ನರಕೋಶಗಳೊಳಗೇ ಸೇರಿಕೊಳ್ಳುತ್ತದೆ. ಅಂಥ ಇಲಿಗಳಿಗೆ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್, ಕೊಟ್ಟರೆ ವೈರಸ್ ಮಾಯವಾಗುತ್ತದೆ, ನರಕೋಶ ಬದುಕಿರುತ್ತದೆ. ಇದು 1991ರ ಮಾತು. 2001ರಲ್ಲಿ ಅವರ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಕಾಯವೇ ಇಲ್ಲದ ಇಲಿಗಳಲ್ಲೂ ಬೆನ್ನುಹುರಿ ಮತ್ತು ಮೆದುಳಿನ ಕಾಂಡದಿಂದ ವೈರಸ್ ಹೊರಟುಹೋಗಿತ್ತು. ಅದನ್ನು ಮಾಡಿದ್ದು ಟಿ ಕೋಶಗಳು ಸುರಿಸಿದ ಗಾಮಾ ಇಂಟರ್ಫೆರಾನ್. ಆದರೆ ಮೆದುಳಿನ ಹೊರಪದರದ ನರಕೋಶಗಳಲ್ಲಿ ಅದೇ ಇಂಟರ್ಫೆರಾನ್ ಕೆಲಸ ಮಾಡಲಿಲ್ಲ!

ಈ ಸಂಗತಿಯನ್ನು ನಾನು ಎರಡೆರಡು ಸಲ ಓದಿದೆ. ಒಂದೇ ಮೆದುಳು, ಒಂದೇ ಸುದ್ದಿ. ಕೆಳಮನೆಯವರಿಗೆ ಕೇಳಿಸುತ್ತದೆ, ಮೇಲ್ಮನೆಯವರಿಗೆ ಕೇಳಿಸುವುದಿಲ್ಲ. ಒಂದೊಂದು ಬಗೆಯ ನರಕೋಶದ ಕಿವಿ ಒಂದೊಂದು ಥರ. ಒಬ್ಬ ಮಗುವಿಗೆ ಕೈ ಹೋಗಿ, ಇನ್ನೊಂದು ಮಗುವಿಗೆ ಮಾತು ಹೋಗುವುದರ ಹಿಂದೆ ಇಂಥದ್ದೂ ಇರಬಹುದು ಅಲ್ವಾ? ಗ್ರಿಫಿನ್ ಅವರ ಇಲಿಗಳಲ್ಲಿ ಇನ್ನೊಂದು ವಿಷಯವೂ ಕಂಡಿತು. ಹೊಸ ವೈರಸ್ ಹುಟ್ಟುವುದು ನಿಂತ ಮೇಲೂ ವೈರಸ್ಸಿನ ಆರ್‌ಎನ್‌ಎ ನರಕೋಶದೊಳಗೆ ತುಂಬಾ ದಿನ ಉಳಿದಿರುತ್ತದೆ. ಕೋಶವನ್ನು ಕೊಲ್ಲದೆ ಬಿಟ್ಟಿದ್ದಕ್ಕೆ ಕೊಡಬೇಕಾದ ಬೆಲೆ ಅದು. ಕಾವಲು ಮುಂದುವರಿಯಬೇಕು.

ಇಂಥ ಕಾವಲು ನಮ್ಮಲ್ಲಿ ತುಂಬಾ ಜನರ ತಲೆಯೊಳಗೇ ಇದೆ. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳುತ್ತಲ್ಲ, ಅದು ಹರ್ಪಿಸ್ ವೈರಸ್ಸಿನದು. ಗುಳ್ಳೆ ಒಣಗಿದ ಮೇಲೆ ಅದು ಹೋಗುವುದಿಲ್ಲ. ಮುಖದ ನರದ ಗಂಟಿನಲ್ಲಿ ಜೀವನಪೂರ್ತಿ ಮಲಗಿರುತ್ತದೆ. ಅದರ ಪಕ್ಕದಲ್ಲೇ ಟಿ ಕೋಶಗಳು ಕೂತಿರುತ್ತವೆ. ವೈರಸ್ ಎದ್ದು ಕೂರಲು ನೋಡಿದರೆ ಗಾಮಾ ಇಂಟರ್ಫೆರಾನ್ ಬಿಟ್ಟು, ವೈರಸ್ಸಿನ ಮುಖ್ಯ ಪ್ರೋಟೀನನ್ನು ಕತ್ತರಿಸಿ ಮತ್ತೆ ಮಲಗಿಸುತ್ತವೆ. ನರಕೋಶಕ್ಕೆ ಏಟು ಬೀಳುವುದಿಲ್ಲ. 2008ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ನಿದ್ದೆ ಮಾಡುವ ಮಗುವನ್ನು ತಟ್ಟುತ್ತಾ ಕೂರುವ ಅಜ್ಜಿಯ ಹಾಗೆ, ವರ್ಷಗಟ್ಟಲೆ.

ಮೂಗಿನ ದಾರಿಯೂ ಇದೆ. ವಾಸನೆಯ ನರ ಮೂಗಿನಿಂದ ನೇರ ಮೆದುಳಿಗೆ ಹೋಗುತ್ತದೆ. ದನಗಳ ಬಾಯಲ್ಲಿ ಹುಣ್ಣು ಮಾಡುವ ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್ಸನ್ನು ಇಲಿಯ ಮೂಗಿಗೆ ಬಿಟ್ಟರೆ ಅದು ಆ ದಾರಿ ಹಿಡಿಯುತ್ತದೆ. ಆದರೆ ಮೆದುಳಿನ ಬಾಗಿಲಲ್ಲಿ, ವಾಸನೆಯ ಮೊದಲ ಠಾಣೆಯಲ್ಲಿ, ನಿಂತುಬಿಡುತ್ತದೆ. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ನರಕೋಶ ಮತ್ತು ಅದರ ಜೊತೆಗಾರ ಕೋಶಗಳಲ್ಲಿ ಮಾತ್ರ ಇಂಟರ್ಫೆರಾನ್ ಕೇಳಿಸಿಕೊಳ್ಳುವ ಗ್ರಾಹಕವನ್ನು ತೆಗೆದುಹಾಕಿ ನೋಡಿದರು. ದೇಹದ ಉಳಿದ ಭಾಗಕ್ಕೆಲ್ಲಾ ಸುದ್ದಿ ಕೇಳಿಸುತ್ತಿತ್ತು. ಆದರೂ ವೈರಸ್ ಮೆದುಳೆಲ್ಲಾ ಹರಡಿತು, ಇಲಿಗಳು ಸತ್ತವು. ಅಂದರೆ ಊರೆಲ್ಲಾ ಎಚ್ಚರವಿದ್ದರೆ ಸಾಲದು, ಮೆದುಳಿನ ಕೋಶಗಳಿಗೇ ಕೂಗು ಕೇಳಿಸಬೇಕು. ಆ ವೈರಸ್ಸಿನ ಹತ್ತಿರದ ಸಂಬಂಧಿ ನಮ್ಮ ದೇಶದಲ್ಲೇ ಇದೆ: ಚಂಡಿಪುರ ವೈರಸ್. 1965ರಲ್ಲಿ ನಾಗಪುರದ ಹತ್ತಿರ ಸಿಕ್ಕಿತು, ಮರಳು ನೊಣದಿಂದ ಹರಡುತ್ತದೆ. 2003ರಲ್ಲಿ ಆಂಧ್ರದಲ್ಲಿ ಮೆದುಳು ಜ್ವರ ಹರಡಿದಾಗ 329 ಮಕ್ಕಳಲ್ಲಿ 183 ಮಕ್ಕಳು ತೀರಿಕೊಂಡರು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದ ದಿನ ಅಮ್ಮ ಊಟ ಮಾಡಲಿಲ್ಲ.

ಇನ್ನು ಅಮ್ಮನ ಪ್ರಶ್ನೆ. 'ಅವನಿಗೆ ಮಾತ್ರ ಯಾಕೆ?' ಇದನ್ನೇ ಜೀವನದ ಕೆಲಸ ಮಾಡಿಕೊಂಡ ಒಬ್ಬ ವೈದ್ಯರಿದ್ದಾರೆ, ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಕೆಲಸ ಮಾಡುವ ಜಾನ್-ಲೋರಾನ್ ಕಸನೋವಾ. ಮೇಲೆ ಹೇಳಿದ ಹರ್ಪಿಸ್ ವೈರಸ್ ಜಗತ್ತಿನ ಹೆಚ್ಚಿನ ಜನರಲ್ಲಿದೆ. ಆದರೆ ಅದು ಮೆದುಳಿಗೆ ಏರುವುದು ವರ್ಷಕ್ಕೆ ಕೆಲವು ಲಕ್ಷ ಜನರಲ್ಲಿ ಒಬ್ಬರಿಗೆ. ಆ ಒಬ್ಬರು ಬೇರೆಲ್ಲಾ ವಿಷಯದಲ್ಲಿ ಗಟ್ಟಿಮುಟ್ಟಾದ ಮಗುವೇ ಆಗಿರಬಹುದು. ನೆಗಡಿ, ಕೆಮ್ಮು, ಬೇರೆ ಸೋಂಕು ಎಲ್ಲವನ್ನೂ ಎಲ್ಲರ ಹಾಗೇ ದಾಟಿ ಬಂದಿರುತ್ತದೆ. 2006ರಲ್ಲಿ ಕಸನೋವಾ ತಂಡ ಅಂಥ ಎರಡು ಮಕ್ಕಳಲ್ಲಿ ಯುಎನ್‌ಸಿ93ಬಿ ಅನ್ನುವ ಜೀನ್ ಕೆಟ್ಟಿರುವುದನ್ನು ಕಂಡಿತು. ಮರುವರ್ಷ ಬೇರೆ ಮಕ್ಕಳಲ್ಲಿ ಟಿಎಲ್‌ಆರ್3 ಜೀನಿನ ದೋಷ ಸಿಕ್ಕಿತು. ಎರಡರ ಕೆಲಸವೂ ವೈರಸ್ಸಿನ ಆರ್‌ಎನ್‌ಎ ಗುರುತು ಹಿಡಿದು ಇಂಟರ್ಫೆರಾನ್ ಕೂಗು ಹೊರಡಿಸುವುದಕ್ಕೆ ಸೇರಿದ್ದು. 2012ರಲ್ಲಿ ಅಂಥ ಮಕ್ಕಳ ಚರ್ಮದ ಕೋಶದಿಂದ ಪ್ರಯೋಗಾಲಯದಲ್ಲಿ ನರಕೋಶ ಬೆಳೆಸಿ ನೋಡಿದರು. ಹರ್ಪಿಸ್ ಬಿಟ್ಟರೆ ಅವು ಬೇರೆಯವರ ನರಕೋಶಗಳಷ್ಟು ತಡೆದುಕೊಳ್ಳಲಿಲ್ಲ.

ಇಡೀ ದೇಹಕ್ಕೆ ನೂರು ದಾರಿಯಿಂದ ಸುದ್ದಿ ಬರಬಹುದು. ಮೆದುಳಿನ ಕೋಶಕ್ಕೆ, ಆ ಒಂದು ವೈರಸ್ಸಿನ ವಿಷಯದಲ್ಲಿ, ಆ ಒಂದೇ ದಾರಿ. ಅದು ಮುರಿದಿದ್ದರೆ ಮುಗಿಯಿತು. ಇನ್ನೂ ಒಂದು ಮಾತು ಹೇಳಲೇಬೇಕು. ಅದೇ ಕುಟುಂಬದಲ್ಲಿ, ಅದೇ ಜೀನ್ ದೋಷವಿದ್ದು, ಅದೇ ವೈರಸ್ ಬಂದು, ಏನೂ ಆಗದ ಅಪ್ಪ, ಅಮ್ಮ, ಅಣ್ಣ, ತಂಗಿಯರೂ ಇದ್ದಾರೆ. ಒಂದೇ ಚಾಪೆಯ ಮೇಲೆ ಮಲಗಿದವರು.

2023ರಲ್ಲಿ ಬಂದ ಇನ್ನೊಂದು ಸುದ್ದಿ ನಮ್ಮ ಕಾಯಿಲೆಗೆ ಇನ್ನೂ ಹತ್ತಿರದ್ದು. ವೆಸ್ಟ್ ನೈಲ್ ವೈರಸ್ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನ ಖಾಸಾ ದಾಯಾದಿ, ಅದನ್ನು ಹರಡುವುದೂ ಕ್ಯೂಲೆಕ್ಸ್ ಸೊಳ್ಳೆಯೇ. ಅದು ಮೆದುಳಿಗೆ ಏರಿದವರಲ್ಲಿ ಸುಮಾರು 100ಕ್ಕೆ 40 ಜನರ ರಕ್ತದಲ್ಲಿ ಅವರದೇ ಇಂಟರ್ಫೆರಾನನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಕೂಗುವವನು ಕೂಗುತ್ತಿದ್ದಾನೆ, ಮನೆಯವರೇ ಅವನ ಬಾಯಿ ಮುಚ್ಚಿದ್ದಾರೆ. ತಮ್ಮನಿಗೆ ಇಂಥ ಯಾವ ಪರೀಕ್ಷೆಯೂ ಆಗಿಲ್ಲ. ಆ ಕಾಲದಲ್ಲಿ ಇದನ್ನೆಲ್ಲಾ ಯಾರೂ ಊಹಿಸಿಯೂ ಇರಲಿಲ್ಲ. ಅವನೊಳಗೆ ಯಾವ ಎಳೆ ಕಡಿದಿತ್ತು ಅಂತ ನಾನು ಹೇಳಲಾರೆ. ಎಳೆ ಅನ್ನುವುದೊಂದು ಇರುತ್ತದೆ, ಅದು ಯಾರ ಕರ್ಮವೂ ಅಲ್ಲ, ಯಾರ ತಪ್ಪೂ ಅಲ್ಲ ಅನ್ನುವುದನ್ನು ಮಾತ್ರ ಖಂಡಿತ ಹೇಳಬಲ್ಲೆ.

ಕೂಗಿದ ಮೇಲೆ ಜನ ಬರಬೇಕಲ್ಲ, ಅದಕ್ಕೂ ಬೇರೆ ಅಣುಗಳಿವೆ. ಕೀಮೊಕೈನ್ ಅಂತಾರೆ, ಟಿ ಕೋಶಗಳಿಗೆ ದಾರಿ ತೋರಿಸುವವು. ವೆಸ್ಟ್ ನೈಲ್ ಹೊಕ್ಕ ಇಲಿಯ ಮೆದುಳಿನಲ್ಲಿ ನರಕೋಶಗಳೇ ಅಂಥದ್ದೊಂದನ್ನು ಬಿಟ್ಟು ಟಿ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಯುರೋಪ್ ಮೂಲದ ಸುಮಾರು 100ಕ್ಕೆ ಒಬ್ಬರಲ್ಲಿ ಸಿಸಿಆರ್5 ಅನ್ನುವ, ಕೀಮೊಕೈನ್ ಕೇಳಿಸಿಕೊಳ್ಳುವ ಪ್ರೋಟೀನ್ ಹುಟ್ಟಿನಿಂದಲೇ ಇರುವುದಿಲ್ಲ. ಎಚ್‌ಐವಿ ಒಳಬರಲು ಅದೇ ಬಾಗಿಲು ಬೇಕಾದ್ದರಿಂದ, ಅವರನ್ನು 1996ರಲ್ಲಿ ಅದೃಷ್ಟವಂತರು ಅಂದುಕೊಂಡಿದ್ದರು. ಹತ್ತು ವರ್ಷ ಕಳೆದ ಮೇಲೆ ಗೊತ್ತಾಯಿತು, ವೆಸ್ಟ್ ನೈಲ್ ಬಂದರೆ ಅಂಥವರಿಗೇ ಕಾಯಿಲೆ ಜೋರಾಗುವ ಸಂಭವ ಜಾಸ್ತಿ.

ವೈರಸ್ಸೂ ಸುಮ್ನೆ ಕೂರುವುದಿಲ್ಲ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನ ಎನ್‌ಎಸ್5 ಪ್ರೋಟೀನ್, ಇಂಟರ್ಫೆರಾನ್ ಸುದ್ದಿ ಕೋಶದೊಳಗೆ ಮುಂದಕ್ಕೆ ಹೋಗದ ಹಾಗೆ ತಡೆಯುತ್ತದೆ. ಈ ಕಲೆಯಲ್ಲಿ ಎಲ್ಲಕ್ಕಿಂತ ಪಳಗಿದ್ದು ರೇಬೀಸ್. ಹುಚ್ಚುನಾಯಿ ಕಚ್ಚಿದ ಗಾಯದಿಂದ ನರದ ಒಳಗೇ ಸದ್ದಿಲ್ಲದೆ ಮೆದುಳಿಗೆ ನಡೆದು ಹೋಗುತ್ತದೆ. ಅದರ ಪಿ ಪ್ರೋಟೀನ್ ಇಂಟರ್ಫೆರಾನ್ ಹೊರಡುವುದನ್ನೂ ತಡೆಯುತ್ತದೆ, ಹೊರಟಿದ್ದು ಕೇಳಿಸುವುದನ್ನೂ ತಡೆಯುತ್ತದೆ. ರೇಬೀಸ್‌ನಿಂದ ಸತ್ತವರ ಮೆದುಳಿನಲ್ಲಿ, ಅಷ್ಟು ಘೋರ ಕಾಯಿಲೆಗೆ ತಕ್ಕಷ್ಟು ಉರಿಯೂತ ಎಷ್ಟೋ ಸಲ ಕಾಣುವುದೇ ಇಲ್ಲ. ಕೂಗೇ ಏಳದ ಊರು.

ಇಷ್ಟು ಓದಿದರೆ ಕೂಗು ಜೋರಾದಷ್ಟೂ ಒಳ್ಳೆಯದು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಮೆದುಳಿನಲ್ಲಿ ಮೈಕ್ರೊಗ್ಲಿಯಾ ಅನ್ನುವ ಕಾವಲು ಕೋಶಗಳಿವೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 2007ರಲ್ಲಿ ತೋರಿಸಿದ್ದು ಇದು: ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಕೆರಳಿದ ಮೈಕ್ರೊಗ್ಲಿಯಾ ಸುರಿಸುವ ಸೈಟೊಕೈನ್‌ಗಳಿಂದಲೇ ನರಕೋಶಗಳು ಸಾಯುತ್ತವೆ. ಅಂದರೆ ತಮ್ಮನ ಬಲಗೈಯನ್ನು ಕಿತ್ತುಕೊಂಡಿದ್ದು ವೈರಸ್ ಒಂದೇ ಆಗಿರಲಿಕ್ಕಿಲ್ಲ, ಅದನ್ನು ಓಡಿಸಲು ಬಂದವರ ಗದ್ದಲವೂ ಇದ್ದಿರಬಹುದು. ಏಕಾರ್ಡಿ-ಗುತಿಯೇರ್ ಅನ್ನುವ ಒಂದು ಅಪರೂಪದ ಕಾಯಿಲೆ ಇದೆ. 1984ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ಗುರುತಿಸಿದ್ದು. ಎಳೆಮಗುವಿನ ಮೆದುಳು, ತಾಯಿಯ ಹೊಟ್ಟೆಯಲ್ಲೇ ವೈರಸ್ ತಗುಲಿದ ಹಾಗೆ ಹಾಳಾಗಿರುತ್ತದೆ. ಹುಡುಕಿದರೆ ವೈರಸ್ಸೇ ಇಲ್ಲ. ಬೆನ್ನಿನ ನೀರಲ್ಲಿ ಇಂಟರ್ಫೆರಾನ್ ಮಾತ್ರ ತುಂಬಿರುತ್ತದೆ. ಜೀನಿನ ದೋಷದಿಂದ ಆ ಮಗುವಿನ ಕೋಶಗಳು ತಮ್ಮದೇ ಡಿಎನ್‌ಎ, ಆರ್‌ಎನ್‌ಎ ಚೂರನ್ನು ವೈರಸ್ ಅಂದುಕೊಂಡು ಹಗಲೂ ರಾತ್ರಿ ಕೂಗುತ್ತಿರುತ್ತವೆ. ಆ ಮಕ್ಕಳ ಬಗ್ಗೆ ಓದಿದ ಮೇಲೆ 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಪುಡಿ, ಮಾತ್ರೆಗಳ ಜಾಹೀರಾತು ಕಂಡರೆ ನನಗೆ ಸಂಕಟವಾಗುತ್ತದೆ.

ಕೊನೆಗೆ ವಿಯೆಟ್ನಾಂ. ಇದನ್ನು ಓದುವವರೆಗೆ ನನ್ನ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಇಂಟರ್ಫೆರಾನ್ ಕಡಿಮೆಯಾಗಿ ಕಾಯಿಲೆ ಬಂದರೆ, ಸೂಜಿಯಲ್ಲಿ ಕೊಟ್ಟರಾಯಿತಲ್ಲ! ಪ್ರಯೋಗಾಲಯದ ಕೋಶಗಳಲ್ಲಿ ಅದು ಈ ವೈರಸ್ಸನ್ನು ತಡೆಯುತ್ತಿತ್ತು. ಥಾಯ್ಲೆಂಡಿನಲ್ಲಿ ಒಂದಿಬ್ಬರು ರೋಗಿಗಳಿಗೆ ಕೊಟ್ಟು ನೋಡಿ ಆಶೆ ಹುಟ್ಟಿತ್ತು. ಹಾಗಾಗಿ ವಿಯೆಟ್ನಾಂನಲ್ಲಿ ಸರಿಯಾದ ಪರೀಕ್ಷೆ ನಡೆಸಿದರು. ಜಪಾನೀಸ್ ಎನ್ಸೆಫಲೈಟಿಸ್ ಇರಬಹುದು ಅಂತ ಶಂಕೆಯಿದ್ದ 112 ಮಕ್ಕಳು, ಅವರಲ್ಲಿ 87 ಮಕ್ಕಳಿಗೆ ಅದು ಪರೀಕ್ಷೆಯಲ್ಲಿ ಖಚಿತವಾಯಿತು. ಕೆಲವರಿಗೆ ಏಳು ದಿನ ಇಂಟರ್ಫೆರಾನ್ ಆಲ್ಫಾ, ಕೆಲವರಿಗೆ ಅದರಂತೇ ಕಾಣುವ ಬರೀ ದ್ರವ. ಯಾರಿಗೆ ಯಾವುದು ಅಂತ ವೈದ್ಯರಿಗೂ ಗೊತ್ತಿರಲಿಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಇಂಟರ್ಫೆರಾನ್ ಪಡೆದ ಮಕ್ಕಳು ಹೆಚ್ಚು ಬದುಕಲಿಲ್ಲ, ಅವರ ಕೈಕಾಲು ಹೆಚ್ಚು ಉಳಿಯಲೂ ಇಲ್ಲ.

ಫಿಟ್ಸ್ ಬಂದು ಆಸ್ಪತ್ರೆಗೆ ಬರುವ ಹೊತ್ತಿಗೆ ಮಗುವಿನ ಮೆದುಳಿನಲ್ಲಿ ವೈರಸ್ ಆಗಲೇ ಹರಡಿರುತ್ತದೆ. ಕೂಗು ಬೇಕಾಗಿದ್ದದ್ದು ಅದಕ್ಕೂ ಎಷ್ಟೋ ಮೊದಲು. ನಾನು ಈ ಫಲಿತಾಂಶವನ್ನು ಹಾಗೆ ಅರ್ಥಮಾಡಿಕೊಂಡೆ.

ಈ ಅವರೆ ಕಾಲದಲ್ಲಿ ಊರಿಗೆ ಹೋಗಿದ್ದಾಗ ಇದನ್ನೆಲ್ಲಾ ಅಮ್ಮನಿಗೆ ಹೇಳಿದೆ. ನೀರುಗಂಟಿಯ ಹೆಸರು ಹೇಳಿಯೇ ಹೇಳಿದೆ. ಅವರು ಕೈ ನಿಲ್ಲಿಸದೆ ಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ವಿಯೆಟ್ನಾಂ ಮಕ್ಕಳ ವಿಷಯಕ್ಕೆ ಬಂದಾಗ ಕೈ ನಿಂತಿತು.

"ಹಂಗಾದ್ರೆ ಸಾಯಂಕಾಲದ ಬಸ್ಸು ಸಿಕ್ಕಿದ್ರೂ?" ಅಂದರು.

ನನಗೆ ಆಗ ಗೊತ್ತಾಯಿತು. ಅಷ್ಟು ವರ್ಷ ಅಮ್ಮ ಕೇಳುತ್ತಿದ್ದದ್ದು ಅವನಿಗೆ ಯಾಕೆ ಬಂತು ಅಂತಲ್ಲ. ಆ ರಾತ್ರಿಯ ಲೆಕ್ಕ ಅವರು ಒಳಗೇ ಹಾಕುತ್ತಿದ್ದರು. ಮೊದಲ ದಿನವೇ ಕಷಾಯದ ಬದಲು ಡಾಕ್ಟರ ಹತ್ತಿರ ಹೋಗಿದ್ದರೆ, ಕಡೇ ಬಸ್ಸು ತಪ್ಪದೇ ಇದ್ದಿದ್ದರೆ.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬೇಗ ಹೋಗಿದ್ದರೆ ಫಿಟ್ಸನ್ನು ಬೇಗ ನಿಲ್ಲಿಸುತ್ತಿದ್ದರು, ಅದರಿಂದ ಒಂದಿಷ್ಟು ಒಳ್ಳೆಯದಾಗುತ್ತಿತ್ತೇನೋ ಅಂದೆ. "ಆದ್ರೆ ಅಮ್ಮ, ಅವನ ಕತ್ತು ಬಿಗಿಯೋ ಮೊದಲೇ ಅದು ಒಳಗೆ ಹೋಗಿತ್ತು. ಆ ವೈರಸ್ಸನ್ನ ಸಾಯಿಸೋ ಔಷಧಿ ಅವತ್ತು ಬೆಂಗಳೂರಲ್ಲೂ ಇರಲಿಲ್ಲ. ಇವತ್ತೂ ಇಲ್ಲ."

ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮನ ಮೊಮ್ಮಗುವಿನ ವಿಷಯ ತೆಗೆದರು. "ಪಾಪುಗೆ ಅದರ ಸೂಜಿ ಹಾಕ್ಸಿದ್ದಾರಂತಲ್ಲ?" ಹಾಕಿಸಿದ್ದಾರೆ. ಚೀನಾದಲ್ಲಿ ಬೆಳೆಸಿದ ಎಸ್‌ಎ 14-14-2 ಅನ್ನುವ ಸೌಮ್ಯ ವೈರಸ್ಸಿನ ಲಸಿಕೆಯನ್ನು 2006ರಲ್ಲಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಶುರು ಮಾಡಿದರು. ಈಗ ನಮ್ಮ ಜಿಲ್ಲೆಯಲ್ಲಿ 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಇನ್ನೊಂದು. ಅಂಗನವಾಡಿಯಲ್ಲೇ ಹಾಕುತ್ತಾರೆ. ಅದೇ ವೈರಸ್ಸಿನ ಹಲ್ಲು ಕಿತ್ತ ರೂಪ ಮೊದಲು ಬಂದು ಹೋಗುತ್ತದೆ. ಆಮೇಲೆ ನಿಜವಾದದ್ದು ಬಂದರೆ ಪ್ರತಿಕಾಯಗಳು ರಕ್ತದಲ್ಲೇ ಹಿಡಿಯುತ್ತವೆ. ಮೆದುಳಿನವರೆಗೆ ಕೂಗು ಹೋಗಬೇಕಾದ ಪ್ರಸಂಗವೇ ಬರುವುದಿಲ್ಲ.

"ಎರಡನೇದು ಬರೋ ತಿಂಗಳು" ಅಂದೆ. ಅಮ್ಮ ತಿಂಗಳ ಲೆಕ್ಕವನ್ನು ಬೆರಳಲ್ಲಿ ಎಣಿಸಿ ನೋಡಿದರು.

ಹೊರಗೆ ಡೈರಿಗೆ ಹೊತ್ತಾಗಿತ್ತು. "ಅಕ್ಕಾ, ಕ್ಯಾನು ಒಂಚೂರು ಹಿಡ್ಕೋ" ಅಂತ ತಮ್ಮ ಕೂಗಿದ. ನಾನು ಎದ್ದು ಹೋಗಿ ಅವನ ಬಲಗಡೆ ನಿಂತೆ.